ಮಂತ್ರಿಗಿರಿ ಇಲ್ದೆ ಸರ್ಕಾರ ಉಳಿಸಿದ ಹದಿನೇಳು ಜನ: ಸ್ವೀಡನ್ನಿನ ಗ್ರೀನ್ ಪಾರ್ಟಿಗೆ ಸಿಕ್ಕಿದ್ದೇನು?

ಓದುಗರ ಪ್ರಶ್ನೆ: ಸ್ವೀಡನ್ನಲ್ಲಿ 1998ರಿಂದ 2006ರ ತನಕ ಸೋಶಿಯಲ್ ಡೆಮಾಕ್ರಾಟ್ ಸರ್ಕಾರಕ್ಕೆ ಗ್ರೀನ್ ಪಾರ್ಟಿ ಒಂದೂ ಮಂತ್ರಿ ಸ್ಥಾನ ಇಲ್ದೆ ಬೆಂಬಲ ಕೊಟ್ಟಿತ್ತು ಅಂತ ಓದಿದೆ. ಇದು ಯಾವ ಲೆಕ್ಕ ಸರ್? ಕುರ್ಚಿ ಇಲ್ಲ, ಹೆಸರಿಲ್ಲ, ಬೈಗುಳದಲ್ಲಿ ಮಾತ್ರ ಸಮಪಾಲು. ದೊಡ್ಡ ಪಕ್ಷ ಇವರನ್ನ ಬಳಸ್ಕೊಂಡು ಬಿಸಾಕ್ತು ಅಂತ ಅನ್ಸಲ್ವಾ? ಅಷ್ಟೊಂದು ಬೇಜಾರಿದ್ದಿದ್ರೆ ಸರ್ಕಾರ ಬೀಳಿಸ್ಬೋದಿತ್ತಲ್ಲ, ಯಾಕೆ ಬೀಳಿಸ್ಲಿಲ್ಲ?

ಉತ್ತರ: ನಿಮ್ಮ ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಅದಕ್ಕೆ ಉತ್ತರ ಒಂದೇ ದಿನದ ಮತದಾನದಲ್ಲಿ ಸಿಗತ್ತೆ. 2002ರ ಅಕ್ಟೋಬರ್ 4. ಸೆಪ್ಟೆಂಬರ್ 15ಕ್ಕೆ ಚುನಾವಣೆ ಮುಗಿದಿತ್ತು. ಪ್ರಧಾನಿ ಯೋರಾನ್ ಪೆರ್ಶನ್ ಅವರ ಸೋಶಿಯಲ್ ಡೆಮಾಕ್ರಾಟ್‌ಗಳಿಗೆ 144 ಸೀಟು, ಎಡಪಕ್ಷಕ್ಕೆ 30, ಎದುರುಗಡೆ ಇದ್ದ ನಾಲ್ಕು ಪಕ್ಷಗಳಿಗೆ ಎಲ್ಲಾ ಸೇರಿ 158, ಮಧ್ಯದಲ್ಲಿ 17 ಸೀಟು ಇಟ್ಕೊಂಡು ಕೂತಿದ್ದು ಗ್ರೀನ್ಸ್, ಅವರ ಭಾಷೇಲಿ ಮಿಲ್ಯೋಪಾರ್ಟಿಯೆಟ್, ಅಂದ್ರೆ ಪರಿಸರ ಪಕ್ಷ. ಅಲ್ಲಿನ ಸಂಸತ್ತಿಗೆ ರಿಕ್ಸ್‌ಡಾಗ್ ಅಂತಾರೆ, ಒಟ್ಟು 349 ಸೀಟು, ಬಹುಮತಕ್ಕೆ 175. ಈಗ ನೀವೇ ಕೂಡಿ ನೋಡಿ. 144ಕ್ಕೆ 30 ಸೇರಿಸಿದ್ರೆ 174, ಒಂದೇ ಒಂದು ಕಮ್ಮಿ. 158ಕ್ಕೆ 17 ಸೇರಿಸಿದ್ರೆ 175, ಗೆರೆ ಎಳೆದ ಹಾಗೆ ಬಹುಮತ. ಆ ದಿನ ವಿರೋಧ ಪಕ್ಷಗಳು ಪೆರ್ಶನ್ ಮೇಲೆ ಅವಿಶ್ವಾಸ ತಂದ್ವು. ಗ್ರೀನ್ಸ್ ಕೈ ಎತ್ತಿದ್ರೆ ಪ್ರಧಾನಿ ಅವತ್ತೇ ಮನೆಗೆ. ಹದಿನೇಳೂ ಜನ ತಟಸ್ಥ ಉಳಿದ್ರು. ಅವಿಶ್ವಾಸದ ಪರ 158, ವಿರುದ್ಧ 174, ತಟಸ್ಥ 17. ಪೆರ್ಶನ್ ಉಳ್ಕೊಂಡ್ರು, ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ, ಸಾವಿರ ಅಲ್ದಿದ್ರೂ ನಾಲ್ಕು ವರ್ಷ ಪೂರ್ತಿ ನಡೆಸಿದ್ರು.

ಅಂದ್ರೆ ಬೀಳಿಸೋ ಶಕ್ತಿ ಇತ್ತು, ಬೀಳಿಸ್ಲಿಲ್ಲ. ಹೆದರಿ ಅಲ್ಲ. ಚುನಾವಣೆ ಆದ್ಮೇಲೆ ಅವರು ಎರಡೂ ಕಡೆ ಮಾತಾಡ್ತಿದ್ರು, ಈ ಕಡೆ ಪೆರ್ಶನ್ ಜೊತೆ, ಆ ಕಡೆ ಮಧ್ಯಮ ಮತ್ತೆ ಲಿಬರಲ್ ಪಕ್ಷಗಳ ಜೊತೆ, ಆ ಎರಡನೇ ಮಾತುಕತೆ ಕೈಗೂಡ್ಲಿಲ್ಲ, ಆದ್ರೆ ಅದು ನಡೀತಾ ಇದ್ದಿದ್ದೇ ಪೆರ್ಶನ್‌ಗೆ ಬಿಸಿ ಮುಟ್ಟಿಸ್ತು. ಅವಿಶ್ವಾಸಕ್ಕೆ ಸೇರಿದ್ರೆ ಆ ಬಿಸಿ ಅಲ್ಲಿಗೆ ಆರಿ ಹೋಗ್ತಿತ್ತು. ಬೀಳಿಸೋದು ಒಂದೇ ಸಲ ಆಗೋ ಕೆಲಸ, ಬೀಳಿಸ್ಬೋದು ಅನ್ನೋ ಭಯ ಮಾತ್ರ ಪ್ರತಿ ಬಜೆಟ್ಟಿಗೂ ಉಪಯೋಗಕ್ಕೆ ಬರತ್ತೆ. ಅದೇ ತಿಂಗಳು ಸೋಶಿಯಲ್ ಡೆಮಾಕ್ರಾಟ್, ಎಡಪಕ್ಷ, ಗ್ರೀನ್ಸ್ ಮೂರೂ ಸೇರಿ ಒಂದು ಲಿಖಿತ ಒಪ್ಪಂದ ಮಾಡ್ಕೊಂಡ್ರು, 121 ಅಂಶ ಇದ್ದಿದ್ರಿಂದ ಅದಕ್ಕೆ 121 ಪಾಯಿಂಟ್ ಕಾರ್ಯಕ್ರಮ ಅಂತಲೇ ಹೆಸರು ಬಿತ್ತು.

ಮಂತ್ರಿಗಿರಿ ಯಾಕೆ ಸಿಗ್ಲಿಲ್ಲ ಅನ್ನೋದಕ್ಕೆ ಬರೋಣ. ಕೇಳ್ಲಿಲ್ಲ ಅಂದ್ಕೋಬೇಡಿ, 2002ರಲ್ಲಿ ಜೋರಾಗೇ ಕೇಳಿದ್ರು. ಪೆರ್ಶನ್ ಕೊಡ್ಲಿಲ್ಲ. ಅವರು ಹೇಳ್ತಿದ್ದ ದೊಡ್ಡ ಕಾರಣ ಯುರೋಪಿಯನ್ ಯೂನಿಯನ್. ಗ್ರೀನ್ಸ್ ಆಗ ಸ್ವೀಡನ್ ಇಯುನಿಂದ ಹೊರಗೇ ಬರ್ಬೇಕು ಅನ್ನೋ ನಿಲುವಿನವರು, ಆ ಬೇಡಿಕೆ ಕೈಬಿಟ್ಟಿದ್ದು 2008ರಲ್ಲಿ. ಇನ್ನೊಂದ್ ಕಡೆ ಪೆರ್ಶನ್ ಯೂರೋ ಕರೆನ್ಸಿ ತರೋಕೆ ಜನಮತಗಣನೆಗೆ ತಯಾರಿ ನಡೆಸ್ತಿದ್ರು, 2003ರ ಸೆಪ್ಟೆಂಬರ್ 14ಕ್ಕೆ ಅದು ನಡೀತು, 55.9 ಪರ್ಸೆಂಟ್ ಜನ ಬೇಡ ಅಂದ್ರು. ಬೆಂಬಲ ಪಕ್ಷ ಬೀದೀಲಿ ಯೂರೋ ಬೇಡ ಅಂತ ಪ್ರಚಾರ ಮಾಡ್ತಿದೆ, ಪ್ರಧಾನಿ ಬೇಕು ಅಂತಿದ್ದಾರೆ, ಸೋತಿದ್ದು ಪ್ರಧಾನಿ, ಆದ್ರೂ ಸರ್ಕಾರ ಅಲ್ಲಾಡ್ಲಿಲ್ಲ. ಯಾಕೆ ಗೊತ್ತಾ, ವಿದೇಶಾಂಗ, ರಕ್ಷಣೆ, ಇಯು ಈ ವಿಷಯಗಳನ್ನೆಲ್ಲ ಒಪ್ಪಂದದಿಂದ ಮೊದ್ಲೇ ಹೊರಗಿಟ್ಟಿದ್ರು. ಕ್ಯಾಬಿನೆಟ್ ಒಳಗಿದ್ದಿದ್ರೆ ಇದು ಸಾಧ್ಯವೇ ಇರ್ಲಿಲ್ಲ, ಒಳಗೆ ಕೂತವರು ಎಲ್ಲದಕ್ಕೂ ತಲೆ ಕೊಡ್ಬೇಕು. ಹೊರಗಿನವರಿಗೆ ಇರೋ ದೊಡ್ಡ ಸ್ವಾತಂತ್ರ್ಯ ಇದೇ, ಒಪ್ಪಿದ್ದಕ್ಕೆ ಮಾತ್ರ ಜವಾಬ್ದಾರಿ.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ಇದು ಗೊತ್ತಿಲ್ಲಾಂದ್ರೆ ಸ್ವೀಡನ್ ರಾಜಕೀಯ ಅರ್ಥನೇ ಆಗಲ್ಲ. ಅಲ್ಲಿ ಪ್ರಧಾನಿ ಆಗೋಕೆ ಬಹುಮತ ನಿಮ್ಮ ಪರ ಇರ್ಬೇಕಾಗಿಲ್ಲ, ನಿಮ್ಮ ವಿರುದ್ಧ ಬಹುಮತ ಇಲ್ದಿದ್ರೆ ಸಾಕು. 2021ರ ನವೆಂಬರ್ 24ಕ್ಕೆ ಪ್ರಧಾನಿ ಆಯ್ಕೆಗೆ ನಿಂತಿದ್ದ ಸೋಶಿಯಲ್ ಡೆಮಾಕ್ರಾಟ್ ನಾಯಕಿ ಮಗ್ದಲೇನಾ ಆಂಡರ್ಸನ್‌ಗೆ ಪರ ಬಿದ್ದ ಮತ 117, ವಿರುದ್ಧ 174, ತಟಸ್ಥ 57. ನೂರಹದಿನೇಳಕ್ಕೆ ನೂರಎಪ್ಪತ್ನಾಲ್ಕು, ಆದ್ರೂ ಗೆದ್ದಿದ್ದು ಅವರೇ, ಯಾಕಂದ್ರೆ ವಿರುದ್ಧದ್ದು 175 ಮುಟ್ಲಿಲ್ಲ. (ಅವತ್ತು ಸಂಜೆ ಏನಾಯ್ತು ಅನ್ನೋದು ಬೇರೆ ಕಥೆ, ಮುಂದೆ ಹೇಳ್ತೀನಿ.) ಈ ನಿಯಮ ಇರೋದ್ರಿಂದ ಅಲ್ಲಿ ಮೈನಾರಿಟಿ ಸರ್ಕಾರ ಮಾಮೂಲಿ, ಸಹಿಸ್ಕೊಂಡಿರೋ ಪಕ್ಷ ಅನ್ನೋದಕ್ಕೊಂದು ಜಾಗ ಸಹಜವಾಗೇ ಹುಟ್ಟತ್ತೆ. ಅವರ ಭಾಷೇಲಿ ಸ್ಟೋಡ್‌ಪಾರ್ಟಿ, ಅಂದ್ರೆ ಆಸರೆ ಪಕ್ಷ. ನಾವು ಹೊರಗಿನ ಬೆಂಬಲ ಅಂತೀವಲ್ಲ ಅದೇ ಅಂದ್ಕೋಬೋದು, ಆದ್ರೆ ಬರೀ ಒಂದು ಬೆಂಬಲ ಪತ್ರ ಕೊಟ್ಟು ಮನೆಗೆ ಹೋಗೋದಲ್ಲ ಅದು, ಅಂಶ ಅಂಶವಾಗಿ ಬರೆದು ಸಹಿ ಹಾಕಿ ವರ್ಷವರ್ಷ ಕೂತು ಚೌಕಾಶಿ ಮಾಡೋ ವ್ಯವಸ್ಥೆ. ರಾಜ್ಯಶಾಸ್ತ್ರದವರು ಇದಕ್ಕೆ ಕಾಂಟ್ರಾಕ್ಟ್ ಪಾರ್ಲಿಮೆಂಟರಿಸಂ ಅಂತ ಹೆಸರಿಟ್ಟಿದ್ದಾರೆ.

ಚೌಕಾಶಿ ನಡೆಯೋ ಜಾಗ ಬಜೆಟ್. 1990ರ ದಶಕದ ಆರ್ಥಿಕ ಬಿಕ್ಕಟ್ಟಾದ ಮೇಲೆ ಸ್ವೀಡನ್ ಬಜೆಟ್ ಪಾಸ್ ಮಾಡೋ ಕ್ರಮನೇ ಬದಲಾಯಿಸ್ತು. ಮುಂಚೆ ಒಂದೊಂದು ಬಾಬ್ತಿಗೂ ಬೇರೆ ಬೇರೆ ಓಟು, ಯಾರು ಬೇಕಾದ್ರೂ ಯಾರ ಜೊತೆ ಬೇಕಾದ್ರೂ ಸೇರಿ ಖರ್ಚು ಏರಿಸ್ಬೋದಿತ್ತು. ಆಮೇಲೆ ಖರ್ಚನ್ನೆಲ್ಲ 27 ವಿಭಾಗ ಮಾಡಿ, ಒಟ್ಟು ಎಷ್ಟು, ಯಾವ ವಿಭಾಗಕ್ಕೆ ಎಷ್ಟು ಅನ್ನೋದನ್ನ ಒಂದೇ ಪ್ಯಾಕೇಜಾಗಿ ಓಟಿಗೆ ಹಾಕೋ ಪದ್ಧತಿ ತಂದ್ರು. ಇದ್ರಿಂದ ಎರಡು ಪರಿಣಾಮ. ಸರ್ಕಾರದ ಪ್ಯಾಕೇಜಿಗಿಂತ ಬೇರೆ ಪ್ಯಾಕೇಜಿಗೆ ಹೆಚ್ಚು ಓಟು ಬಿದ್ರೆ ಸರ್ಕಾರ ಬೇರೆಯವರ ಬಜೆಟ್ ಇಟ್ಕೊಂಡು ಆಡಳಿತ ನಡೆಸೋ ಪರಿಸ್ಥಿತಿ ಬರತ್ತೆ, ಹಾಗಾಗಿ ಮೈನಾರಿಟಿ ಸರ್ಕಾರ ಸೆಪ್ಟೆಂಬರಲ್ಲಿ ಬಜೆಟ್ ಮಂಡಿಸೋ ಮುಂಚೆನೇ ಆಸರೆ ಪಕ್ಷಗಳನ್ನ ಕೂರಿಸ್ಕೊಂಡು ಒಪ್ಪಿಸ್ಲೇಬೇಕು. ಇನ್ನೊಂದು, ಆಸರೆ ಪಕ್ಷ ಕೂಡ ಪ್ಯಾಕೇಜ್ ಪೂರ್ತಿ ನುಂಗ್ಬೇಕು, ನನಗಿಷ್ಟ ಆಗಿದ್ದಕ್ಕೆ ಮಾತ್ರ ಓಟು ಅನ್ನೋಕಾಗಲ್ಲ. ಊರಿಗೆ ಬಂದವಳು ನೀರಿಗೆ ಬರಲ್ವಾ ಅನ್ನೋ ಹಾಗೆ, ಸರ್ಕಾರ ಉಳಿಸೋಕೆ ಬಂದವರು ಬಜೆಟ್ಟಿಗೂ ಬರ್ಲೇಬೇಕು.

2002ರ ಒಪ್ಪಂದ ಆದ್ಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು, ಎಡಪಕ್ಷ ಮತ್ತೆ ಗ್ರೀನ್ಸ್ ಕಡೆಯ ರಾಜಕೀಯ ಸಲಹೆಗಾರರು ಸರ್ಕಾರಿ ಕಚೇರಿ ಒಳಗೇ ಕೂತು ಕೆಲಸ ಮಾಡೋಕೆ ಶುರು ಮಾಡಿದ್ರು. ಮಂತ್ರಿ ಇಲ್ಲ, ಆದ್ರೆ ಟೇಬಲ್ ಇದೆ. ಇದು ಕೇಳೋಕೆ ಸಣ್ಣ ವಿಷಯ, ನನ್ನ ಪ್ರಕಾರ ಇಡೀ ವ್ಯವಸ್ಥೇಲಿ ಅತಿ ಮುಖ್ಯವಾದದ್ದು ಇದೇ. ಹೊರಗಿಂದ ಬೆಂಬಲ ಕೊಡೋ ಪಕ್ಷಕ್ಕೆ ಸಾಮಾನ್ಯವಾಗಿ ಆಗೋ ಮೋಸ ಒಪ್ಪಂದದಲ್ಲಿ ಅಲ್ಲ, ಒಪ್ಪಂದ ಆದ್ಮೇಲೆ. ಕಾಗದದ ಮೇಲೆ ಮಾಡ್ತೀವಿ ಅಂತಿರತ್ತೆ, ಆಮೇಲೆ ಅದನ್ನ ಕರಡು ಕಾನೂನು ಮಾಡೋರು ಯಾರೋ, ದಿನಾಂಕ ಹಾಕೋರು ಯಾರೋ, ಪರಿಶೀಲನೆ ನಡೀತಿದೆ ಅಂತ ಎರಡು ವರ್ಷ ಎಳೆಯೋರು ಯಾರೋ. ಕರಡು ಬರೆಯೋವಾಗ ಪಕ್ಕದಲ್ಲೇ ನಿಮ್ಮವರೊಬ್ರು ಕೂತಿದ್ರೆ ಎಳೆಯೋದು ಕಷ್ಟ.

ಸರಿ, ಸಿಕ್ಕಿದ್ದೇನು? ಸ್ಟಾಕ್‌ಹೋಮ್ ಟ್ರಾಫಿಕ್ ಟ್ಯಾಕ್ಸ್ ಕಥೆನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಬಳಸ್ಕೊಂಡಿದ್ದು ಯಾರು, ಬಳಕೆ ಆಗಿದ್ದು ಯಾರು ಅನ್ನೋ ನಿಮ್ಮ ಪ್ರಶ್ನೆ ಇಲ್ಲಿ ತಲೆಕೆಳಗಾಗತ್ತೆ. ನಗರದ ಒಳಗೆ ಬರೋ ಹೋಗೋ ಕಾರುಗಳಿಗೆ ತೆರಿಗೆ ಹಾಕ್ಬೇಕು ಅನ್ನೋದು ಗ್ರೀನ್ಸ್ ಬೇಡಿಕೆ. ಸ್ಟಾಕ್‌ಹೋಮ್‌ನ ಸೋಶಿಯಲ್ ಡೆಮಾಕ್ರಾಟ್ ನಾಯಕಿ ಅನಿಕಾ ಬಿಲ್‌ಸ್ಟ್ರೋಮ್ 2002ರ ಚುನಾವಣೆಗೆ ಮುಂಚೆ ಸ್ಪಷ್ಟವಾಗಿ ಹೇಳಿದ್ರು, ಈ ಅವಧೀಲಿ ಅಂಥ ಶುಲ್ಕ ಬರಲ್ಲ ಅಂತ. ಗೆದ್ರು. ಕೆಲವೇ ವಾರದಲ್ಲಿ ರಾಷ್ಟ್ರಮಟ್ಟದಲ್ಲಿ ಪೆರ್ಶನ್‌ಗೆ ಆ 17 ಸೀಟು ಬೇಕಾಯ್ತು, ಒಪ್ಪಂದದೊಳಗೆ ಸ್ಟಾಕ್‌ಹೋಮ್‌ನಲ್ಲಿ ಪ್ರಾಯೋಗಿಕವಾಗಿ ಶುಲ್ಕ ತರೋದೂ ಬಂತು. ಕೊಟ್ಟ ಮಾತು ಮುರಿದವರು ಅನ್ನೋ ಹಣೆಪಟ್ಟಿ ಹಚ್ಕೊಂಡಿದ್ದು ಯಾರು? ಬಿಲ್‌ಸ್ಟ್ರೋಮ್. ಮೇಲಿನವರ ವ್ಯಾಪಾರಕ್ಕೆ ಕೆಳಗಿನವರು ಬೆಲೆ ಕಟ್ಟಿದ್ರು.

ಕಾನೂನಿನಲ್ಲಿ ಅದು ಶುಲ್ಕ ಅಲ್ಲ ತೆರಿಗೆ ಅಂತ ತೀರ್ಮಾನ ಆಗಿದ್ರಿಂದ ನಗರಸಭೆ ಅದನ್ನ ತರೋ ಹಾಗಿರ್ಲಿಲ್ಲ, ರಿಕ್ಸ್‌ಡಾಗ್ ಕಾನೂನು ಮಾಡ್ಬೇಕಿತ್ತು, 2004ರಲ್ಲಿ ಮಾಡ್ತು. ಟೆಂಡರ್ ವ್ಯಾಜ್ಯದಿಂದ ಒಂದಷ್ಟು ತಡ ಆಯ್ತು. ಕೊನೆಗೆ 2006ರ ಜನವರಿ 3ಕ್ಕೆ ಟ್ರಯಲ್ ಶುರು, ಜುಲೈ 31ಕ್ಕೆ ಮುಕ್ತಾಯ. ಹೊತ್ತಿನ ಮೇಲೆ 10, 15 ಅಥವಾ 20 ಕ್ರೋನರ್ (ಅಲ್ಲಿನ ದುಡ್ಡು), ದಿನಕ್ಕೆ ಹೆಚ್ಚಂದ್ರೆ 60. ಗಡಿ ದಾಟೋ ಕಡೆಗಳಲ್ಲಿ ಕ್ಯಾಮೆರಾ, ನಂಬರ್ ಪ್ಲೇಟ್ ಓದಿ ಬಿಲ್. ಶುರುವಾಗೋ ಮುಂಚೆ ಜನ ಹಿಡಿಶಾಪ ಹಾಕ್ತಿದ್ರು. ಶುರುವಾದ ಮೇಲೆ ಆ ಗಡಿ ದಾಟೋ ಗಾಡಿಗಳ ಸಂಖ್ಯೆ ಸುಮಾರು ಐದನೇ ಒಂದು ಭಾಗ ಇಳೀತು, ಕಣ್ಣಿಗೆ ಕಾಣೋ ಹಾಗೆ ಇಳೀತು, ಜನರ ಅಭಿಪ್ರಾಯ ನಿಧಾನಕ್ಕೆ ತಿರುಗ್ತು. ಸೆಪ್ಟೆಂಬರ್ 17ಕ್ಕೆ ರಾಷ್ಟ್ರೀಯ ಚುನಾವಣೆ ದಿನಾನೇ ನಗರದಲ್ಲಿ ಜನಮತಗಣನೆ, ಸಣ್ಣ ಅಂತರದಲ್ಲಿ ಬೇಕು ಅನ್ನೋರು ಗೆದ್ರು. ಜನಮತಗಣನೆ ನಡೆಸಿದ ಸುತ್ತಲಿನ ಪುರಸಭೆಗಳಲ್ಲಿ ಬೇಡ ಅನ್ನೋರು ಹೆಚ್ಚು.

ಈಗ ಮಜಾ ನೋಡಿ. ಅದೇ ದಿನ ಸೋಶಿಯಲ್ ಡೆಮಾಕ್ರಾಟ್‌ಗಳು ದೇಶದಲ್ಲೂ ಸೋತ್ರು, ಸ್ಟಾಕ್‌ಹೋಮ್ ನಗರದಲ್ಲೂ ಸೋತ್ರು. ಗ್ರೀನ್ಸ್‌ಗೆ 2002ರಲ್ಲಿ 4.6 ಪರ್ಸೆಂಟ್ ಇದ್ದಿದ್ದು 5.2 ಆಯ್ತು, 17 ಸೀಟು 19 ಆಯ್ತು. ಹೊಸದಾಗಿ ಬಂದ ಬಲಪಂಥೀಯ ಮೈತ್ರಿ ಸರ್ಕಾರ ಆ ತೆರಿಗೆನ ಕಿತ್ತು ಹಾಕತ್ತೆ ಅಂತ ಎಷ್ಟೋ ಜನ ಅಂದ್ಕೊಂಡಿದ್ರು. ಕಿತ್ತು ಹಾಕ್ಲಿಲ್ಲ, 2007ರ ಆಗಸ್ಟ್ 1ರಿಂದ ಪರ್ಮನೆಂಟ್ ಮಾಡಿದ್ರು. ಮಾಡಿ, ಬಂದ ದುಡ್ಡನ್ನ ರಸ್ತೆ ಕಟ್ಟೋಕೆ ತಿರುಗಿಸಿದ್ರು, ಆಮೇಲೆ ಗ್ರೀನ್ಸ್ ವರ್ಷಗಟ್ಟಲೆ ವಿರೋಧಿಸಿದ ಸ್ಟಾಕ್‌ಹೋಮ್ ಬೈಪಾಸ್ ಇದೆಯಲ್ಲ, ಅದಕ್ಕೂ ಈ ತೆರಿಗೆ ದುಡ್ಡೇ ಹೋಗ್ತಿದೆ. ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ. ಹಾಗಾದ್ರೆ ಗೆದ್ದಿದ್ದು ಯಾರು? ನನ್ನನ್ನ ಕೇಳಿದ್ರೆ ಟ್ರಾಫಿಕ್ ವಿಷಯದಲ್ಲಿ ಗ್ರೀನ್ಸ್, ದುಡ್ಡಿನ ವಿಷಯದಲ್ಲಿ ಅವರ ವಿರೋಧಿಗಳು, ಪೂರ್ತಿ ಕೈ ಸುಟ್ಕೊಂಡಿದ್ದು ಮಾತ್ರ ದೊಡ್ಡ ಪಕ್ಷದ ನಗರ ಘಟಕ.

ಎಲ್ಲಾ ಇಷ್ಟು ಚೆನ್ನಾಗಿ ಆಯ್ತು ಅಂತ ತಿಳ್ಕೋಬೇಡಿ. ಫ್ರಿಓರ್ ಅಂತ ಒಂದು ಯೋಜನೆ ಇತ್ತು, ಅರ್ಥ ಬಿಡುವಿನ ವರ್ಷ. ಕೆಲಸದಲ್ಲಿರೋರು ಹೆಚ್ಚಂದ್ರೆ ಒಂದು ವರ್ಷ ರಜಾ ಹೋಗ್ಬೋದು, ನಿರುದ್ಯೋಗ ಭತ್ಯೆಯಲ್ಲಿ 85 ಪರ್ಸೆಂಟ್ ಸಿಗತ್ತೆ, ಅವರ ಜಾಗಕ್ಕೆ ನಿರುದ್ಯೋಗಿ ಒಬ್ಬರನ್ನ ತಗೋಬೇಕು. ಗ್ರೀನ್ಸ್‌ಗೆ ಪ್ರಾಣಕ್ಕಿಂತ ಹೆಚ್ಚು, ಸೋಶಿಯಲ್ ಡೆಮಾಕ್ರಾಟ್‌ಗಳಿಗೆ ಮನಸ್ಸಿಲ್ಲ, ಅವರದ್ದು ದುಡಿಮೆ ದುಡಿಮೆ ಅಂತ ಬೆಳೆದ ಪಕ್ಷ. ಮೊದ್ಲು ಕೆಲವು ಪುರಸಭೆಗಳಲ್ಲಿ ಪ್ರಯೋಗ, 2005ರಿಂದ ದೇಶಪೂರ್ತಿ. 2006ರಲ್ಲಿ ಸರ್ಕಾರ ಬದಲಾಗ್ತಿದ್ದ ಹಾಗೇ ರದ್ದು. ದೊಡ್ಡ ಪಕ್ಷ ಮನಸ್ಸಿಲ್ದೆ ಕೊಟ್ಟಿದ್ದನ್ನ ಉಳಿಸೋಕೆ ಯಾರೂ ಬರಲ್ಲ, ಕೊಟ್ಟವರೂ ಬರಲ್ಲ.

ಪೆಟ್ರೋಲ್ ಬಂಕ್ ಕಾನೂನಿನದ್ದು ಇನ್ನೊಂದು ತರ. 2006ರ ಏಪ್ರಿಲ್ 1ರಿಂದ ದೊಡ್ಡ ಬಂಕ್‌ಗಳು ಕನಿಷ್ಠ ಒಂದು ನವೀಕರಿಸಬಹುದಾದ ಇಂಧನ ಇಡ್ಲೇಬೇಕು ಅಂತಾಯ್ತು. ಯಾವ ಇಂಧನ ಅಂತ ಕಾನೂನು ಹೇಳ್ಲಿಲ್ಲ. ಬಂಕಿನವರು ಯೋಚನೆ ಮಾಡಿದ್ರು, ಬಯೋಗ್ಯಾಸ್ ಪಂಪ್ ಹಾಕೋಕೆ ಖರ್ಚು ಜಾಸ್ತಿ, ಎಥನಾಲ್ ಪಂಪ್ ಅಗ್ಗ, ಎಲ್ಲಾ ಕಡೆ ಎಥನಾಲೇ ಬಂತು. ಗ್ರೀನ್ಸ್ ಕನಸು ಕಂಡಿದ್ದು ಥರಾವರಿ ಇಂಧನ, ಸಿಕ್ಕಿದ್ದು ಒಂದೇ ಥರದ ಪಂಪು. ಕಾನೂನಿನ ಒಂದು ಸಾಲು ಸಡಿಲ ಬಿಟ್ರೆ ಹೀಗೇ ಆಗೋದು.

ಹಸಿರು ತೆರಿಗೆ ಬದಲಾವಣೆ ಅಂತ ಇನ್ನೊಂದು, ಕಾರ್ಬನ್ ಮತ್ತೆ ವಿದ್ಯುತ್ ತೆರಿಗೆ ಏರಿಸಿ ಅಷ್ಟೇ ಮೊತ್ತ ಆದಾಯ ತೆರಿಗೆ, ಉದ್ಯೋಗದ ಮೇಲಿನ ತೆರಿಗೇಲಿ ಇಳಿಸೋದು, ಹತ್ತು ವರ್ಷದಲ್ಲಿ 30 ಬಿಲಿಯನ್ ಕ್ರೋನರ್ ಹೀಗೆ ತಿರುಗಿಸೋ ಗುರಿ. 2001ರಿಂದ ಕಂತುಕಂತಾಗಿ ನಡೀತು. ಸ್ವೀಡನ್ನಲ್ಲಿ ಕಾರ್ಬನ್ ಟ್ಯಾಕ್ಸ್ 1991ರಿಂದಲೇ ಇತ್ತು, ಗ್ರೀನ್ಸ್ ಹೊಸದಾಗಿ ಕಂಡುಹಿಡೀಲಿಲ್ಲ, ಇದ್ದಿದ್ದನ್ನ ಮೇಲಕ್ಕೆ ಎತ್ತಿಸಿದ್ರು. ಆಮೇಲೆ ಬಾರ್ಸೆಬೆಕ್ ಅಣುಸ್ಥಾವರ ಮುಚ್ಚಿದ್ದು, ಮೊದಲ ರಿಯಾಕ್ಟರ್ 1999ರ ನವೆಂಬರಲ್ಲಿ, ಎರಡನೇದು 2005ರ ಮೇ ಕೊನೇಲಿ. ಇದನ್ನೂ ಗ್ರೀನ್ಸ್ ಲೆಕ್ಕಕ್ಕೆ ಬರೆಯೋರಿದ್ದಾರೆ, ತಪ್ಪು. ಅದರ ತೀರ್ಮಾನ ಆಗಿದ್ದು 1997ರಲ್ಲಿ ಸೋಶಿಯಲ್ ಡೆಮಾಕ್ರಾಟ್, ಮಧ್ಯಮ ಪಕ್ಷ, ಎಡಪಕ್ಷಗಳ ಇಂಧನ ಒಪ್ಪಂದದಲ್ಲಿ. 1980ರ ಅಣುಶಕ್ತಿ ಜನಮತಗಣನೆಯ ಸಿಟ್ಟಿನಿಂದ ಹುಟ್ಟಿದ ಪಕ್ಷ ಇದು, 1981ರಲ್ಲಿ ಶುರುವಾಗಿದ್ದು, ಆದ್ರೆ ಆ ಒಪ್ಪಂದದಲ್ಲಿ ಇವರ ಸಹಿ ಇಲ್ಲ. ಮೂದಲಿಕೆ ಅಲ್ಲ ಇದು, ಲೆಕ್ಕ ಸರಿ ಇರ್ಲಿ ಅಂತ ಹೇಳ್ದೆ ಅಷ್ಟೇ.

ಈಗ ಹೆಸರು ಯಾರಿಗೆ ಹೋಗತ್ತೆ ಅನ್ನೋ ವಿಷಯ. ನೀವು ಹೇಳಿದ ಬೈಗುಳದ ಸಮಪಾಲು ನಿಜ, ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ. ರಿಕ್ಸ್‌ಡಾಗ್ ಒಳಗೆ ಬರೋಕೆ 4 ಪರ್ಸೆಂಟ್ ಓಟು ಬೇಕು. ಗ್ರೀನ್ಸ್ 1988ರಲ್ಲಿ 5.5 ತಗೊಂಡು ಮೊದಲ ಸಲ ಒಳಗೆ ಬಂದ್ರು, 1991ರಲ್ಲಿ 3.4ಕ್ಕೆ ಕುಸಿದು ಪೂರ್ತಿ ಹೊರಗೆ ಬಿದ್ರು, 1994ರಲ್ಲಿ ವಾಪಸ್ ಬಂದ್ರು, 1998ರಲ್ಲಿ 4.5. ಯಾವಾಗ್ಲೂ ನೀರು ಮೂಗಿನ ತನಕ. ಇಂಥ ಪಕ್ಷ 4ಕ್ಕಿಂತ ಕೆಳಗೆ ಬಿದ್ರೆ ಅದರ ಎಲ್ಲಾ ಓಟೂ ವ್ಯರ್ಥ, ಆಗ ದೊಡ್ಡ ಪಕ್ಷ ಕೂಡ ಅಧಿಕಾರ ಕಳ್ಕೊಳ್ಳತ್ತೆ. ಹಾಗಾಗಿ ದೊಡ್ಡ ಪಕ್ಷಕ್ಕೆ ಅತ್ತ ದರಿ ಇತ್ತ ಪುಲಿ, ಆಸರೆ ಪಕ್ಷ ತೀರಾ ಬೆಳೆದ್ರೆ ತನ್ನ ಓಟೇ ಹೋಗತ್ತೆ, ತೀರಾ ಸೊರಗಿದ್ರೆ ಸರ್ಕಾರನೇ ಹೋಗತ್ತೆ. ಚುನಾವಣೆ ಹತ್ರ ಬಂದಾಗ ಸಣ್ಣ ಪಕ್ಷಕ್ಕೆ ಒಂದಷ್ಟು ಗೆಲುವು ತೋರಿಸ್ಕೊಳ್ಳೋಕೆ ಬಿಡೋದು ದೊಡ್ಡ ಪಕ್ಷಕ್ಕೂ ಲಾಭವೇ. ಬಳಸಿ ಬಿಸಾಕೋದು ಅಷ್ಟು ಸುಲಭ ಇಲ್ಲ, ಬಿಸಾಕಿದ್ರೆ ತನ್ನ ಕಾಲ ಮೇಲೇ ಬೀಳತ್ತೆ.

ಆದ್ರೆ ಗ್ರೀನ್ಸ್‌ಗೆ ಇದು ಸಾಕಾಗಿತ್ತು. 2006ರ ಮೇಲೆ ಪೇಟರ್ ಎರಿಕ್ಸನ್, ಮರಿಯಾ ವೆಟರ್‌ಸ್ಟ್ರಾಂಡ್ (ಆ ಪಕ್ಷದಲ್ಲಿ ಅಧ್ಯಕ್ಷರಿಲ್ಲ, ಒಬ್ಬ ಗಂಡಸು ಒಬ್ಬ ಹೆಂಗಸು ಇಬ್ಬರು ವಕ್ತಾರರು) ಇನ್ಮೇಲೆ ಮಂತ್ರಿಗಿರಿ ಇಲ್ದೆ ಇಲ್ಲ ಅಂತ ಪಟ್ಟು ಹಿಡಿದ್ರು. ಅದು ಕೈಗೂಡಿದ್ದು 2014ರಲ್ಲಿ. ಸೋಶಿಯಲ್ ಡೆಮಾಕ್ರಾಟ್ ಪ್ರಧಾನಿ ಸ್ಟೆಫಾನ್ ಲೊವೆನ್ ಸರ್ಕಾರದಲ್ಲಿ 24 ಜನರಲ್ಲಿ 6 ಜನ ಗ್ರೀನ್ಸ್. ಪರಿಸರ, ಶಿಕ್ಷಣ, ಸಂಸ್ಕೃತಿ, ವಿದೇಶಿ ನೆರವು, ಒಳ್ಳೇ ಖಾತೆಗಳೇ.

ಏನಾಯ್ತು? ಮೊದಲ ಬಜೆಟ್ಟೇ ಬಿತ್ತು. ಡಿಸೆಂಬರ್ 2014ರಲ್ಲಿ ಸ್ವೀಡನ್ ಡೆಮಾಕ್ರಾಟ್ಸ್ ಅನ್ನೋ ವಲಸೆ ವಿರೋಧಿ ಪಕ್ಷ ಬಲಪಂಥೀಯ ಮೈತ್ರಿಯ ಬಜೆಟ್ಟಿಗೆ ಓಟು ಹಾಕ್ತು, ಗ್ರೀನ್ ಮಂತ್ರಿಗಳು ವಿರೋಧಿಗಳ ಬಜೆಟ್ ಹಿಡ್ಕೊಂಡು ವರ್ಷ ಶುರು ಮಾಡಿದ್ರು. ಅದೇ ಬೈಪಾಸ್ ಕಾಮಗಾರಿನ ಅಧಿಕಾರಕ್ಕೆ ಬಂದ ಹೊಸದರಲ್ಲಿ ಕೆಲವು ತಿಂಗಳು ನಿಲ್ಲಿಸಿದ್ರು, ಆಮೇಲೆ ಮುಂದುವರೀತು. 2015ರ ನವೆಂಬರ್ 24ಕ್ಕೆ ಆಶ್ರಯ ನಿಯಮ ಬಿಗಿ ಮಾಡ್ತೀವಿ ಅಂತ ಪ್ರಧಾನಿ ಪಕ್ಕ ನಿಂತು ಹೇಳೋವಾಗ ಉಪಪ್ರಧಾನಿ, ಗ್ರೀನ್ಸ್‌ನ ಓಸಾ ರೊಮ್ಸನ್, ಕ್ಯಾಮೆರಾ ಮುಂದೆನೇ ಕಣ್ಣೀರು ಹಾಕಿದ್ರು. ಹತ್ತು ವರ್ಷ ಹಿಂದೆ, 2005ರಲ್ಲಿ, ಇದೇ ಪಕ್ಷ ಹೊರಗಿದ್ಕೊಂಡೇ ಒತ್ತಡ ಹಾಕಿ, ಗಡೀಪಾರು ಆದೇಶ ಆಗಿದ್ದವರ ಅರ್ಜಿಗಳನ್ನ ಮತ್ತೆ ನೋಡೋ ತಾತ್ಕಾಲಿಕ ಕಾನೂನು ತರ್ಸಿತ್ತು, ಸಾವಿರಾರು ಜನಕ್ಕೆ ಅದರಿಂದ ಉಳ್ಕೊಳ್ಳೋಕೆ ಪರ್ಮಿಟ್ ಸಿಕ್ಕಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಕಲ್ಲಿದ್ದಲು. ಗ್ರೀನ್ಸ್ ವಕ್ತಾರ ಗುಸ್ತಾವ್ ಫ್ರಿಡೋಲಿನ್ 2014ರ ಚುನಾವಣೆ ಡಿಬೇಟ್‌ನಲ್ಲಿ ಒಂದು ಕಲ್ಲಿದ್ದಲ ಉಂಡೆ ಕೈಲಿ ಹಿಡಿದು ತೋರಿಸಿದ್ರು, ಸರ್ಕಾರಿ ಕಂಪನಿ ವಾಟೆನ್‌ಫಾಲ್ ಜರ್ಮನೀಲಿ ಅಗೀತಾ ಇದ್ದ ಲಿಗ್ನೈಟ್ ನೆಲದಲ್ಲೇ ಉಳೀಬೇಕು ಅನ್ನೋದು ವಾದ. 2016ರಲ್ಲಿ ಅವರೇ ಇದ್ದ ಸರ್ಕಾರ ಆ ಗಣಿಗಳನ್ನ ಚೆಕ್ ಕಂಪನಿಗೆ ಮಾರೋಕೆ ಒಪ್ಪಿಗೆ ಕೊಡ್ತು. ನೆಲದಲ್ಲೂ ಉಳೀಲಿಲ್ಲ, ಕೈಲೂ ಉಳೀಲಿಲ್ಲ. ಆ ಉಂಡೆ ಫೋಟೋ ಮಾತ್ರ ಆಮೇಲೆ ಅವರನ್ನ ಅಣಕಿಸೋರ ಕೈಗೆ ಸಿಕ್ತು. 2018ರಲ್ಲಿ ಓಟು 6.9ರಿಂದ 4.4ಕ್ಕೆ ಇಳೀತು.

ನ್ಯಾಯವಾಗಿ ಹೇಳ್ಬೇಕಂದ್ರೆ ಒಳಗಿದ್ದು ಸಾಧಿಸಿದ್ದೂ ಇದೆ. 2017ರಲ್ಲಿ ಪಾಸಾದ ಹವಾಮಾನ ಕಾನೂನು, 2045ರೊಳಗೆ ನೆಟ್ ಝೀರೋ (ಬಿಡೋ ಹಸಿರುಮನೆ ಅನಿಲ, ಹೀರಿಕೊಳ್ಳೋದು ಸರಿಸಮ) ಗುರಿ, ವಿರೋಧ ಪಕ್ಷಗಳಲ್ಲೂ ಬಹುಪಾಲು ಅದಕ್ಕೆ ಒಪ್ಪಿದ್ವು, ಅದಕ್ಕೇ ಅದು ಗಟ್ಟಿಯಾಗಿ ನಿಂತಿದೆ. ಮಂತ್ರಿ ಇಲ್ದೆ ಹೊರಗಿಂದ ಅದನ್ನ ಹೆಣೆಯೋದು ಕಷ್ಟ ಇತ್ತು ಅಂತಲೇ ನನ್ನ ಅನಿಸಿಕೆ.

ಹಾಗಾದ್ರೆ ಒಳಗಾ ಹೊರಗಾ ಯಾವುದು ಮೇಲು ಅಂತ ಕೇಳ್ತೀರ. ಆ ಪ್ರಶ್ನೆನೇ ಎರಡನೇದು, ಮೊದಲನೇದು ದೊಡ್ಡ ಪಕ್ಷಕ್ಕೆ ನೀವಿಲ್ದೆ ದಾರಿ ಇದೆಯಾ ಅನ್ನೋದು. ನ್ಯೂಜಿಲೆಂಡ್ ನೋಡಿ. 2017ರಲ್ಲಿ ಲೇಬರ್‌ಗೆ 120ರಲ್ಲಿ 46 ಸೀಟು, ನ್ಯೂಜಿಲೆಂಡ್ ಫಸ್ಟ್ 9, ಗ್ರೀನ್ಸ್ 8, ಗ್ರೀನ್ಸ್ ಇಲ್ದೆ ಸರ್ಕಾರ ಇಲ್ಲ. ಗ್ರೀನ್ಸ್ ನಾಯಕ ಜೇಮ್ಸ್ ಶಾ ಕ್ಯಾಬಿನೆಟ್ ಹೊರಗಿನ ಹವಾಮಾನ ಮಂತ್ರಿ ಆದ್ರು, 2018ರಲ್ಲಿ ಸಮುದ್ರದಲ್ಲಿ ತೈಲ ಅನಿಲ ಹುಡುಕೋಕೆ ಹೊಸ ಪರ್ಮಿಟ್ ಇಲ್ಲ ಅಂತ ಸರ್ಕಾರ ಘೋಷಿಸ್ತು, 2019ರಲ್ಲಿ ಝೀರೋ ಕಾರ್ಬನ್ ಕಾನೂನು ಬಂತು. 2020ರಲ್ಲಿ ಲೇಬರ್‌ಗೆ ಒಂಟಿಯಾಗೇ 65 ಸೀಟು. ಗ್ರೀನ್ಸ್ ಜೊತೆ ಸಹಕಾರ ಒಪ್ಪಂದ ಮತ್ತೆ ಮಾಡ್ಕೊಂಡ್ರು, ಇಬ್ಬರಿಗೆ ಮಂತ್ರಿಗಿರಿನೂ ಕೊಟ್ರು, ಆದ್ರೆ ಅದು ಮರ್ಯಾದೆಗೆ ಕೊಟ್ಟಿದ್ದು, ಬೇಕಾಗಿ ಕೊಟ್ಟಿದ್ದಲ್ಲ. ಸೀಟು 8ರಿಂದ 10ಕ್ಕೆ ಏರಿತ್ತು, ಬಲ ಮಾತ್ರ ಇಳಿದಿತ್ತು.

ಸ್ಕಾಟ್ಲೆಂಡ್ ಇನ್ನೂ ನೇರ ಪಾಠ. 2021ರ ಆಗಸ್ಟಲ್ಲಿ ಅಲ್ಲಿನ ಆಡಳಿತ ಪಕ್ಷ ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಮತ್ತೆ ಗ್ರೀನ್ಸ್ ಬ್ಯೂಟ್ ಹೌಸ್ ಒಪ್ಪಂದ ಮಾಡ್ಕೊಂಡ್ರು, 129ರಲ್ಲಿ ಎಸ್‌ಎನ್‌ಪಿಗೆ 64, ಒಂದೇ ಸೀಟು ಕಮ್ಮಿ, ಇಬ್ಬರು ಗ್ರೀನ್ ಕಿರಿಯ ಮಂತ್ರಿಗಳಾದ್ರು. 2024ರ ಏಪ್ರಿಲಲ್ಲಿ ಸರ್ಕಾರ 2030ಕ್ಕೆ 75 ಪರ್ಸೆಂಟ್ ಹೊಗೆ ಇಳಿಸೋ ಗುರಿನ ಕೈಬಿಡ್ತು. ಒಪ್ಪಂದ ಮುಂದುವರಿಸ್ಬೇಕಾ ಅಂತ ಗ್ರೀನ್ಸ್ ತಮ್ಮ ಸದಸ್ಯರ ಓಟಿಗೆ ಹಾಕೋ ತಯಾರೀಲಿದ್ರು, ಅಷ್ಟರಲ್ಲಿ ಏಪ್ರಿಲ್ 25ಕ್ಕೆ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ, ಎಸ್‌ಎನ್‌ಪಿಯ ಹಮ್ಜಾ ಯೂಸಫ್ ತಾವೇ ಒಪ್ಪಂದ ಕಿತ್ತು ಹಾಕಿದ್ರು, ಗಟ್ಟಿ ನಾಯಕ ಅನ್ನಿಸ್ಕೊಳ್ಳೋಕೆ ಇರ್ಬೇಕು. ಗ್ರೀನ್ಸ್ ಅವಿಶ್ವಾಸಕ್ಕೆ ಓಟು ಹಾಕ್ತೀವಿ ಅಂದ್ರು. ಏಪ್ರಿಲ್ 29ಕ್ಕೆ ಯೂಸಫ್ ರಾಜೀನಾಮೆ. ನಾಲ್ಕೇ ದಿನ. ಬಹುಮತ ಇಲ್ದಿರೋವಾಗ ಏಣಿ ಒದೀಬಾರ್ದು ಅನ್ನೋ ಸಣ್ಣ ಲೆಕ್ಕ ತಪ್ಪಿತ್ತು. ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದಲ್ಲಿ 1989ರಲ್ಲಿ ಲೇಬರ್ 13, ಗ್ರೀನ್ಸ್ 5 ಸೇರಿ ಮಾಡ್ಕೊಂಡ ಒಪ್ಪಂದ ಮರದ ಚಕ್ಕೆ ರಫ್ತಿನ ಮಿತಿ ಮೇಲೆ ಮರುವರ್ಷವೇ ಮುರಿದಿದ್ದೂ ಇದೇ ಜಾತಿ ಕಥೆ, ಅದನ್ನ ಬಿಡಿಸ್ತಾ ಕೂತ್ರೆ ಉತ್ತರ ಮುಗಿಯಲ್ಲ.

ಸ್ವೀಡನ್ನಿಗೆ ವಾಪಸ್ ಬರೋಣ, 2021ರ ನವೆಂಬರ್ 24ರ ಸಂಜೆ ಬಾಕಿ ಇದೆ. ಬೆಳಗ್ಗೆ ಆಂಡರ್ಸನ್ ಗೆದ್ರು. ಮಧ್ಯಾಹ್ನ ಬಜೆಟ್ ಓಟು. ಸರ್ಕಾರದ ಪ್ಯಾಕೇಜ್ ಸೋತು, ಬಲಪಂಥೀಯರು ಸ್ವೀಡನ್ ಡೆಮಾಕ್ರಾಟ್ಸ್ ಜೊತೆ ಕೂತು ಮಾಡಿದ ಬಜೆಟ್ ಪಾಸಾಯ್ತು, ಅದರಲ್ಲಿ ಪೆಟ್ರೋಲ್ ತೆರಿಗೆ ಕಡಿತ ಬೇರೆ. ಆಂಡರ್ಸನ್ ಅದನ್ನ ಇಟ್ಕೊಂಡೇ ನಡೆಸ್ತೀನಿ ಅಂದ್ರು. ಗ್ರೀನ್ಸ್ ಆಗಲ್ಲ ಅಂದು ಸರ್ಕಾರದಿಂದ ಎದ್ದು ಹೋದ್ರು. ಮೈತ್ರಿಯ ಒಂದು ಪಕ್ಷ ಹೋದ್ರೆ ಪ್ರಧಾನಿ ರಾಜೀನಾಮೆ ಕೊಡೋದು ಅಲ್ಲಿನ ಸಂಪ್ರದಾಯ, ಆಯ್ಕೆಯಾಗಿ ಏಳೂವರೆ ಗಂಟೇಲಿ ರಾಜೀನಾಮೆ. ನವೆಂಬರ್ 29ಕ್ಕೆ ಮತ್ತೆ ಓಟು, 101 ಪರ, 173 ವಿರುದ್ಧ, 75 ತಟಸ್ಥ. ಆ 75ರಲ್ಲಿ ಗ್ರೀನ್ಸ್ ಇದ್ರು. 2002ರ ಅಕ್ಟೋಬರಲ್ಲಿ ಮಾಡಿದ್ದನ್ನೇ ಮಾಡಿದ್ರು, ತಟಸ್ಥ ಉಳಿದು ಸೋಶಿಯಲ್ ಡೆಮಾಕ್ರಾಟ್ ಪ್ರಧಾನಿನ ಕೂರಿಸಿದ್ರು, ಮಂತ್ರಿಗಿರಿ ಇಲ್ದೆ. 2022ರ ಚುನಾವಣೇಲಿ 4.4 ಇದ್ದಿದ್ದು 5.1 ಆಯ್ತು, ದೊಡ್ಡ ಪಕ್ಷ ಅಧಿಕಾರ ಕಳ್ಕೊಂಡ್ತು.

ಗ್ರೀನ್ಸ್ ಸರ್ಕಾರದ ಒಳಗಿದ್ದಾಗ ತಂದ ವಿಮಾನ ತೆರಿಗೆ 2018ರ ಏಪ್ರಿಲ್ 1ಕ್ಕೆ ಶುರುವಾಗಿತ್ತು, 2022ರಲ್ಲಿ ಬಂದ ಸರ್ಕಾರ ಅದನ್ನ 2025ರ ಜುಲೈ 1ಕ್ಕೆ ತೆಗೆದು ಹಾಕ್ತು. ಹೊರಗಿದ್ದಾಗ 17 ಸೀಟಿಗೆ ಬದಲಾಗಿ ಕೇಳಿ ತಗೊಂಡ ಸ್ಟಾಕ್‌ಹೋಮ್ ಟ್ರಾಫಿಕ್ ಟ್ಯಾಕ್ಸಿನ ಕ್ಯಾಮೆರಾಗಳು ಇವತ್ತಿಗೂ ನಂಬರ್ ಪ್ಲೇಟ್ ಓದ್ತಾನೇ ಇವೆ.